ಉಸಿರಾಡುವುದನ್ನು ಎಣಿಸದ ಆಡಿಟರ್

ನಮ್ಮ ಭಾವನಿಗೆ ಎಣಿಸಲು ಬರುತ್ತಿರಲಿಲ್ಲ ಎಂದರೆ ನೀವು ನಕ್ಕುಬಿಡುತ್ತೀರಿ. ಯಾಕೆಂದರೆ ಸರ್ಕಾರ ಅವರಿಗೆ ಸಂಬಳ ಕೊಡುತ್ತಿದ್ದುದೇ ಎಣಿಸುವುದಕ್ಕೆ! ಸೇಲಂನ ಕಚೇರಿಯಲ್ಲಿ ಅವರು ಆಡಿಟರ್. ಆದ್ದರಿಂದ ಮಾತನ್ನು ಸ್ವಲ್ಪ ತಿದ್ದಿ ಹೇಳುತ್ತೇನೆ: ಉಸಿರಾಡುವ ಯಾವುದನ್ನೂ ಅವರು ಎಣಿಸುತ್ತಿರಲಿಲ್ಲ. ಬೂಟು, ಬಕೆಟ್ಟು, ಸೀಟಿ, ಕಂಬಳಿ ತಂದು ಮುಂದಿಡಿ. ಹೊತ್ತು ಮುಳುಗುವವರೆಗೆ ಎಣಿಸುತ್ತಾರೆ, ಮುಳುಗಿದ ಮೇಲೆ ದೀಪ ತರಿಸಿ ಇನ್ನೊಂದು ಸಲ ಎಣಿಸುತ್ತಾರೆ. ಅದೇ ನಾಲ್ಕು ಕೋಳಿಮರಿ ಬಿಟ್ಟು ಎಷ್ಟಿವೆ ಎಂದು ಕೇಳಿ, ಆಕಾಶ ನೋಡುತ್ತಾ ಮೋಡದ ವಿಚಾರ ತೆಗೆಯುತ್ತಾರೆ.

ಇದಕ್ಕೆಲ್ಲ ಕಾರಣ ಅವರ ತಾತ. ಭಾವನದು ಧರ್ಮಪುರಿ ಕಡೆಯ ಒಣ ಸೀಮೆಯಲ್ಲಿ ಕುರಿ ಸಾಕುವ ಮನೆತನ. ನಮ್ಮ ಮನೆಯಂತೆ ಅವರ ಮನೆಯಲ್ಲೂ ಮಾತು ಕನ್ನಡ, ಜಗಳ ಕನ್ನಡ, ಇಸ್ಕೂಲು ಮಾತ್ರ ತಮಿಳು. ಆ ಮನೆಗಳಲ್ಲಿ ಕುರಿಯನ್ನು ಎಣಿಸಬಾರದು. ಎಣಿಸಿದರೆ ಕಣ್ಣು ತಾಕುತ್ತದೆ, ಮಂದೆ ಕರಗುತ್ತದೆ. ಹಾಗಾದರೆ ಸಂಜೆ ದೊಡ್ಡಿಗೆ ಎಲ್ಲವೂ ಬಂದವೋ ಇಲ್ಲವೋ ತಿಳಿಯುವುದು ಹೇಗೆ? ತಾತ ದೊಡ್ಡಿಯ ಬಾಗಿಲಲ್ಲಿ ಕೋಲೂರಿ ನಿಂತು, ಒಳಗೆ ಹೋಗುವ ಒಂದೊಂದು ಮುಖವನ್ನೂ ನೋಡುತ್ತಿದ್ದರಂತೆ. ಕೊನೆಯ ಬಾಲ ಒಳಗೆ ಹೋದ ಮೇಲೆ, "ಮೋಟುಕಿವಿ ಬರ್ನಿಲ್ಲ, ಓಗಿ ನೋಡ್ರಲಾ" ಎನ್ನುತ್ತಿದ್ದರಂತೆ. ಇರುವುದು ಎಷ್ಟು ಎಂಬುದು ಅವರಿಗೆ ಬೇಕಿರಲಿಲ್ಲ, ಇಲ್ಲದ್ದು ಯಾವುದು ಎಂಬುದಷ್ಟೇ ಬೇಕಿತ್ತು. ಭಾವ ಬಿ.ಎ. ಓದಿ, ಸರ್ಕಾರದ ಪರೀಕ್ಷೆ ಪಾಸು ಮಾಡಿ, ಸೇಲಂನಲ್ಲಿ ಸೈಕಲ್ಲು ಕೊಂಡ ಮೇಲೂ ತಾತನ ದೊಡ್ಡಿಯ ಬಾಗಿಲಲ್ಲೇ ನಿಂತಿದ್ದರು.

ಜನಗಣತಿಯ ಮೇಷ್ಟ್ರು ಒಮ್ಮೆ ಮನೆಗೆ ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು.

"ಎಲ್ಲಾ ಇದೀವಿ" ಎಂದರು ಭಾವ.

ಮೇಷ್ಟ್ರು ಪೆನ್ನು ಹಿಡಿದು ಕಾದರು. ಭಾವ ಅವರಿಗೆ ಕಾಫಿ ಬೇಕೇ ಎಂದು ವಿಚಾರಿಸಿದರು. ಕಾಫಿ ಬಂತು, ಮುಗಿಯಿತು, ಲೋಟ ಒಳಗೆ ಹೋಯಿತು, ಅಂಕಿ ಮಾತ್ರ ಹೊರಗೆ ಬರಲಿಲ್ಲ. ಕೊನೆಗೆ ನನ್ನ ಅಕ್ಕ ಅಡುಗೆಮನೆಯಿಂದಲೇ, "ಸಾರ್, ದಿನಾ ಏಳು ತಟ್ಟೆ ತೊಳಿತೀನಿ, ಅದನ್ನೇ ಬರ್ಕೊಳ್ಳಿ" ಎಂದಳು. ಭಾವ ಆಕ್ಷೇಪಿಸಲಿಲ್ಲ. ತಟ್ಟೆಗಳು ಉಸಿರಾಡುವುದಿಲ್ಲವಲ್ಲ!

ಇಂಥವರಿಗೆ ಕಚೇರಿಯವರು ಒಪ್ಪಿಸಿದ ಕೆಲಸವಾದರೂ ಯಾವುದು? ಆಗ ಅರವತ್ತರ ದಶಕ ಮುಗಿದು ಎಪ್ಪತ್ತರದು ಕಣ್ಣು ಬಿಡುತ್ತಿತ್ತು. ಬೆಂಕಿ ಬಿದ್ದರೆ, ಬಾವಿಗೆ ಯಾರಾದರೂ ಬಿದ್ದರೆ, ಊರಿಗೆ ಕಾಯಿಲೆ ಬಂದರೆ ಓಡಿಬರಲೆಂದು ಸರ್ಕಾರ ಅಲ್ಲಲ್ಲಿ ಸ್ವಯಂಸೇವಕರ ದಳಗಳನ್ನು ಕಟ್ಟಿತ್ತು. ಸೇರಿದವರಿಗೆ ಸಂಬಳವಿಲ್ಲ; ಒಂದು ಖಾಕಿ ಅಂಗಿ, ಒಂದು ಟೋಪಿ, ಒಂದು ಸೀಟಿ. ಊರಿಗೊಂದು ಸ್ಟ್ರೆಚರು, ಒಂದು ಹಗ್ಗ, ಒಂದು ಗ್ಯಾಸ್ ಲೈಟು. ಇವುಗಳ ಖರ್ಚನ್ನೂ ಕೆಲಸವನ್ನೂ ತನಿಖೆ ಮಾಡುವುದು ಭಾವನ ಪಾಲಿಗೆ ಬಂತು. ಧರ್ಮಪುರಿಯನ್ನು ಬೇರೆ ಜಿಲ್ಲೆ ಮಾಡಿ ಕೆಲವು ವರ್ಷಗಳಾಗಿದ್ದರೂ ನಮ್ಮ ಕಚೇರಿಗೆ ಆ ಸುದ್ದಿ ಇನ್ನೂ ತಲುಪಿದಂತಿರಲಿಲ್ಲ. ಎರಡು ಜಿಲ್ಲೆಯನ್ನೂ ನಾವೇ ಸುತ್ತಬೇಕು. ನಾವು ಎಂದರೆ ಭಾವ ಮತ್ತು ನಾನು. ನಾನು ಅದೇ ಕಚೇರಿಯಲ್ಲಿ ಗುಮಾಸ್ತ. ಪಟ್ಟಿಯ ಹೆಸರುಗಳನ್ನು ಕೂಗಿಸುತ್ತಾ ಸಾಲಾಗಿ ನಿಂತ ಸ್ವಯಂಸೇವಕರ ಮುಖಗಳನ್ನು ಭಾವ ಒಮ್ಮೆ ನೋಡಿ ಇಂಥಿಂಥವರು ಬಂದಿಲ್ಲ ಎನ್ನುತ್ತಿದ್ದರು, ನಾನು ಪಟ್ಟಿಯಲ್ಲಿ ಕಳೆದು ಉಳಿದ ಅಂಕಿಯನ್ನು ಬರೆದುಕೊಳ್ಳುತ್ತಿದ್ದೆ. ಹೀಗೆ ಬಾಮೈದನ ಪಾಪದ ಮೇಲೆ ಭಾವನ ಪುಣ್ಯ ನಡೆಯುತ್ತಿತ್ತು.

ಬರಿಯ ಲೆಕ್ಕ ನೋಡಿ ಸಹಿ ಹಾಕಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಭಾವನದು ಒಂದು ಹಟ. "ವಸ್ತು ಐತೆ ಸರಿ, ಕೆಲ್ಸ ಮಾಡ್ತದಾ?" ಎನ್ನುವರು. ಶಂಕಗಿರಿಯಲ್ಲಿ ಸೀಟಿಗಳನ್ನು ಎಣಿಸಿ ಮುಗಿಸಿದ ಮೇಲೆ, "ಎಲ್ಲಾರೂ ಒಟ್ಟಿಗೆ ಊದಿ" ಎಂದರು. ದಳದವರು ನಿಂತಿದ್ದದ್ದು ಹೆದ್ದಾರಿಯ ಪಕ್ಕದಲ್ಲಿ. ಶಂಕಗಿರಿ ಎಂದರೆ ಲಾರಿಗಳ ಊರು. ಅಲ್ಲಿ ಮನುಷ್ಯರಿಗಿಂತ ಲಾರಿಗಳಿಗೆ ನೆಂಟರು ಜಾಸ್ತಿ. ಖಾಕಿ ತೊಟ್ಟವರು ಸಾಲಾಗಿ ನಿಂತು ಸೀಟಿ ಊದಿದ್ದೇ ತಡ, ಆ ಕಡೆಯಿಂದ ಬರುವ ಲಾರಿ, ಈ ಕಡೆಯಿಂದ ಹೋಗುವ ಲಾರಿ, ಎಲ್ಲವೂ ಕಿರ್ರೆಂದು ನಿಂತವು. ಯಾವುದೋ ದೊಡ್ಡ ತಪಾಸಣೆ ಎಂದುಕೊಂಡ ಡ್ರೈವರೊಬ್ಬ ಕಿಟಕಿಯಿಂದ ಕೈ ಚಾಚಿ, ತಲೆ ಹೊರಹಾಕದೆಯೇ, ಭಾವನ ಅಂಗೈಗೆ ಐದು ರೂಪಾಯಿ ಇಟ್ಟ.

ಭಾವ ಅವನಿಗೆ ರಸೀತಿ ಕೊಟ್ಟರು. ಆ ಡ್ರೈವರು ರಸ್ತೆಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಅಂಥ ಅವಮಾನವನ್ನು ಕಂಡಿರಲಿಲ್ಲವೆಂದು ಕಾಣುತ್ತದೆ. ಇಳಿದು ಬಂದು, ಕೈಮುಗಿದು, ತನ್ನಿಂದ ಏನು ತಪ್ಪಾಯಿತೆಂದು ಕೇಳಿದ.

ಸೇಲಂನಲ್ಲೇ ಇನ್ನೊಂದು ದಳ. ಅದರ ನಾಯಕ ಬೆಳ್ಳಿ ಕಾಲುಗೆಜ್ಜೆ ಮಾಡಿಸುವ ದೊಡ್ಡ ಮನುಷ್ಯ. ಗೋಡೆಯ ಮೇಲೆ ಕೆಂಪು ಬಕೆಟ್ಟುಗಳು ಸಾಲಾಗಿ ನೇತಾಡುತ್ತಿದ್ದವು, ಬಣ್ಣ ಇನ್ನೂ ಹಸಿಯಾಗಿತ್ತು. ಭಾವ ಎಣಿಸಿದರು, ತಲೆದೂಗಿದರು, ಅಂಗಳಕ್ಕೆ ಹೋಗಿ ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ, "ಬೆಂಕಿ ಬಿದ್ದೈತೆ" ಎಂದು ತಣ್ಣಗೆ ಹೇಳಿದರು. ಓಡಾಟವೋ ಓಡಾಟ. ಮೊದಲನೆಯ ಬಕೆಟ್ಟಿನಲ್ಲಿ ಗೆಜ್ಜೆಯ ಗೊಂಚಲು, ಎರಡನೆಯದರಲ್ಲಿ ವಾಚ್‌ಮನ್ನನ ಊಟದ ಡಬ್ಬಿ, ಮೂರನೆಯದರಲ್ಲಿ ಪಾರಿವಾಳದ ಗೂಡು, ಗೂಡಿನಲ್ಲಿ ಮರಿಗಳು. ಎಷ್ಟು ಮರಿ ಎಂದು ನನ್ನನ್ನು ಕೇಳಬೇಡಿ, ಭಾವ ಪಕ್ಕದಲ್ಲೇ ನಿಂತಿದ್ದರು. ಅವರ ವರದಿಯಲ್ಲಿ ಹೀಗೊಂದು ಸಾಲಿತ್ತು: 'ಬಕೆಟ್ಟುಗಳ ಪೈಕಿ ಒಂದನ್ನು ವಾಸಕ್ಕೆ ಕೊಡಲಾಗಿದೆ. ಬಾಡಿಗೆ ಜಮೆಯಾದಂತೆ ಕಾಣುವುದಿಲ್ಲ.'

ಇಂಥ ಭಾವನಿಗೆ ನಮ್ಮ ಮೇಲಧಿಕಾರಿ ಒಂದು ಬೇಸಿಗೆಯಲ್ಲಿ ಮೊರಪ್ಪೂರಿನ ಆಚೆಯ ಒಂದು ಹಳ್ಳಿಯ ದಳವನ್ನು ಒಪ್ಪಿಸಿದರು. ಅವರಿಗೆ ಆ ದಳದ ಮೇಲೆ ಅನುಮಾನ. ಅಷ್ಟು ಸಣ್ಣ ಊರಿನಲ್ಲಿ ಅಷ್ಟು ಸ್ವಯಂಸೇವಕರು ಎಲ್ಲಿಂದ ಬರಬೇಕು, ಬರೀ ಕಾಗದದ ಮೇಲಿನ ಆಳುಗಳು ಎಂದು ಅವರ ಲೆಕ್ಕ. ದಳ ಎನ್ನಿಸಿಕೊಳ್ಳಲು ಕನಿಷ್ಠ ಎಷ್ಟು ಆಳು ಬೇಕೋ ಸರಿಯಾಗಿ ಅಷ್ಟೇ ಹೆಸರು ಆ ಊರಿನ ಪಟ್ಟಿಯಲ್ಲಿದ್ದವು. ಒಬ್ಬ ಕಡಿಮೆಯಾದರೂ ದಳವನ್ನು ಮುಚ್ಚಿ, ಸ್ಟ್ರೆಚರು, ಹಗ್ಗ, ಲೈಟನ್ನು ಸೇಲಂಗೆ ಹೊತ್ತು ತರಬೇಕು. "ನೀಂಗಳೇ ನೇರುಲ ಪೋಯಿ ಎಣ್ಣಿಟ್ಟು ವಾಂಗ" ಎಂದರು, ನೀವೇ ಖುದ್ದಾಗಿ ಹೋಗಿ ಎಣಿಸಿಕೊಂಡು ಬನ್ನಿ ಎಂದು. ಹೇಳಿದ್ದು ಯಾರಿಗೆ ನೋಡಿ!

ಪ್ಯಾಸೆಂಜರ್ ರೈಲಿನಲ್ಲಿ ಮೊರಪ್ಪೂರಿಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕಲ್ಲಿನ ದಾರಿ ಹಿಡಿದೆವು. ಊರಿನ ಇಸ್ಕೂಲಿನ ಮುಂದೆ ದಳದ ಲೀಡರು ಕೆಂಚಪ್ಪ ಕಾಯುತ್ತಿದ್ದ. ಐವತ್ತು ದಾಟಿದ ಆಳು, ಒಂದು ಕಾಲು ಕುಂಟು. ಭಾವ ನೀರು ಕುಡಿಯಲು ಅತ್ತ ಹೋದಾಗ ಅವನು ನನ್ನನ್ನು ಗೋಡೆಯ ಮರೆಗೆ ಕರೆದ.

"ಗುಮಾಸ್ತರೇ, ನೀವೂ ನಮ್ಮ ಜನ ಅಂತ ಯೋಳ್ತೀನಿ. ಪಟ್ಟೀಲಿ ಒಬ್ಬ ಇಲ್ಲ. ಓದ್ ವರ್ಸ ಕುರಿ ಜೊತೇಲಿ ಓಗಿದ್ದೋನು ಜರ ಬಂದು ಅಲ್ಲೇ ತೀರ್ಕಂಡ. ನಾವು ಎಸ್ರು ತೆಗ್ಸಿಲ್ಲ. ತೆಗ್ಸಿದ್ರೆ ದಳಾನೇ ಓಯ್ತದಲ್ಲ?"

"ಓದ್ರೆ ಓಗ್ಲಿ ಬಿಡು, ಬರೋ ಸಂಬಳ ನಿಲ್ತದಾ?" ಎಂದೆ.

"ಸಂಬ್ಳ ಯಾರಿಗ್ ಬೇಕು? ಸ್ಟ್ರೆಚರ್ ಓದ್ರೆ ನಮ್ಮ ಬಸುರೀರ್ನ ಯಾತ್ರಲ್ಲಿ ಒತ್ಕೊಂಡು ಟಾರ್ ರೋಡ್‌ಗೆ ಓಗ್ಲಿ? ಮೊದ್ಲು ಬಾಗ್ಲ ಕಿತ್ಕೊಂಡು ಅದ್ರ ಮ್ಯಾಲೆ ಮಲಗ್ಸಿ ಒಯ್ತಿದ್ವಿ. ಅರ್ಧ ದಾರೀಲೆ ಇಳ್ಸಿ ಅಳ್ತಿದ್ವಿ."

ಭಾವನ ಕಣ್ಣು ಎಂಥದೆಂದು ನನಗೆ ಗೊತ್ತಿತ್ತು. ಇಲ್ಲದ ಮುಖ ಅವರಿಗೆ ಇರುವ ಮುಖಕ್ಕಿಂತ ಮೊದಲು ಕಾಣುತ್ತದೆ.

ಕೆಂಚಪ್ಪ ಸೀಟಿ ಊದಿದ. ಇಸ್ಕೂಲಿನ ಹಿಂದಿನಿಂದ ದಳ ಬಂದು ಹುಣಸೆಮರದ ಕೆಳಗೆ ಸಾಲಾಗಿ ನಿಂತಿತು. ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನೂ ಕಣ್ಣುಜ್ಜಿಕೊಂಡೆ. ಖಾಕಿ ಅಂಗಿಗಳು ಇದ್ದವು, ಟೋಪಿಗಳು ಇದ್ದವು, ಸೀಟಿಗಳು ಕೊರಳಲ್ಲಿ ನೇತಾಡುತ್ತಿದ್ದವು. ಆದರೆ ಅಂಗಿಯ ಕೆಳಗೆ ಸೀರೆ. ಟೋಪಿಯ ಕೆಳಗೆ ತುರುಬು. ಸಾಲಿನಲ್ಲಿ ಒಬ್ಬನೇ ಒಬ್ಬ ಗಂಡಸಿಲ್ಲ!

"ಕೆಂಚಪ್ಪ, ಗಂಡಸ್ರೆಲ್ಲಿ?"

"ಕುರಿ ಒಡ್ಕೊಂಡು ಕಾವೇರಿ ಬಯಲಿಗೆ ಓಗವ್ರೆ ಸಾಮಿ. ಅಲ್ಲಿ ಗದ್ದೇಲಿ ಮಂದೆ ಮಲಗ್ಸಿದ್ರೆ ಗೊಬ್ಬರಕ್ಕೆ ಅಂತ ಬತ್ತ ಕೊಡ್ತಾರೆ. ಮಳೆ ಬಿದ್ಮ್ಯಾಲೆ ಬತ್ತಾರೆ."

"ಮತ್ತೆ ಇವ್ರು?"

"ನಿಮ್ಮ ಕಾಗ್ದ ಬಂದಿತ್ತಲ್ಲ ಸಾಮಿ, ಎಲ್ಲಾ ಯೂನಿಫಾರಮ್ಮೂ ಆಜರ್ ಇರ್ಬೇಕು ಅಂತ. ಎಲ್ಲಾ ಆಜರ್ ಅವೆ. ವೊಳಗೆ ಯಾರಿರ್ಬೇಕು ಅಂತ ಅದ್ರಲ್ಲಿ ಬರ್ದಿರ್ನಿಲ್ಲ."

ನಾನು ನಕ್ಕುಬಿಟ್ಟೆ. ಸಾಲಿನ ಮೊದಲಲ್ಲಿ ನಿಂತಿದ್ದ ದೊಡ್ಡತಾಯಿ ಎಂಬ ಹಿರಿಯ ಹೆಂಗಸು ಟೋಪಿಯನ್ನು ಹಿಂದಕ್ಕೆ ತಳ್ಳಿ ನನ್ನನ್ನು ನೋಡಿದಳು.

"ಯಾಕ್ಲಾ ನಗ್ತೀಯ? ನಿಮ್ಮ ಆಪೀಸ್ನಾಗೆ ಕುರ್ಚಿ ಮ್ಯಾಲೆ ಕೋಟು ಆಕ್ಬುಟ್ಟು ಸಿನಿಮಾಕ್ ಓಗ್ತಾರಂತೆ. ನಾವು ಕೋಟ್ನೊಳಗೆ ಒಂದಾಳಾದ್ರೂ ಇಟ್ಟಿದೀವಿ."

ನಮ್ಮ ಕಚೇರಿಯ ಆಂತರಿಕ ವಿಷಯ ಅಷ್ಟು ದೂರದವರೆಗೆ ಹೇಗೆ ತಲುಪಿತೋ ತಿಳಿಯದು. ಭಾವ ಮಾತ್ರ ನಗಲಿಲ್ಲ. ಟೋಪಿ ಎಣಿಸಿದರು, ಸೀಟಿ ಎಣಿಸಿದರು, ಹಗ್ಗವನ್ನು ಮರಕ್ಕೆ ಕಟ್ಟಿ ಜಗ್ಗಿದರು. ಆಮೇಲೆ, ನಾನು ಹೆದರಿಕೊಂಡಿದ್ದಂತೆಯೇ, ಸ್ಟ್ರೆಚರನ್ನು ಬಿಚ್ಚಿಸಿ ಅದರ ಮೇಲೆ ಅಂಗಾತ ಮಲಗಿದರು. ಭಾವನದು ಅಲ್ಪಸ್ವಲ್ಪದ ಮೈಯಲ್ಲ. ಸ್ಟ್ರೆಚರಿನ ಬಟ್ಟೆ ನರಳಿತು.

"ನಾನು ಬಾವಿಗೆ ಬಿದ್ದಿವ್ನಿ. ಕಾಲು ಮುರ್ದೋಗೈತೆ. ಮುಂದೇನು?"

"ಬಾವೀಲಿ ನೀರೈತಾ ಸಾಮಿ?" ಎಂದು ದೊಡ್ಡತಾಯಿ ಕೇಳಿದಳು.

"ಇಲ್ಲ ಅಂತ್ಲೇ ಇಟ್ಕೋ."

"ನೀರಿಲ್ದ ಬಾವಿಗೆ ಬಿದ್ರೆ ಮುರಿಯೋದು ಬರೀ ಕಾಲಲ್ಲ. ಮಾತಾಡ್ಬ್ಯಾಡಿ, ಸುಮ್ಕೆ ಬಿದ್ಕೊಳ್ಳಿ" ಎಂದು ಅವರ ಕನ್ನಡಕ ಕಿತ್ತು ನನ್ನ ಕೈಗೆ ಕೊಟ್ಟಳು. ಇಬ್ಬರು ಅವರ ಕಾಲನ್ನು ಬಿದಿರಿನ ದಬ್ಬೆಗೆ ಸೇರಿಸಿ ಬಿಗಿದರು, ಇನ್ನಿಬ್ಬರು ಎದೆಗೆ ಅಡ್ಡಲಾಗಿ ಹಗ್ಗ ಸುತ್ತಿದರು. ಭಾವ ಏನೋ ಹೇಳಲು ಬಾಯಿ ತೆರೆದರೆ ಒಬ್ಬಳು ಹಣೆಗೆ ಒದ್ದೆ ಬಟ್ಟೆ ಹಾಕಿದಳು. "ಒಂದ್ಸಲಕ್ಕೇ" ಎಂದಳು ದೊಡ್ಡತಾಯಿ. ಭಾವ ಗಾಳಿಗೆ ಎದ್ದರು.

ಅವರು ನಡೆಯಲಿಲ್ಲ, ಓಡಿದರು. ಕಲ್ಲಿನ ಇಳಿಜಾರಿನಲ್ಲಿ, ಕತ್ತಾಳೆಯ ಬೇಲಿಗಳ ನಡುವೆ, ಹೆಗಲು ಬದಲಾಯಿಸುತ್ತಾ, ಒಂದು ಕಡೆಯೂ ಇಳಿಸದೆ ಓಡಿದರು. ಹಿಂದೆ ನಾನು ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಫೈಲು, ಕಾಲಲ್ಲಿ ಕಿತ್ತುಹೋದ ಚಪ್ಪಲಿ. ಟಾರ್ ರಸ್ತೆಗೆ ಮುಟ್ಟುವಾಗ ಧರ್ಮಪುರಿಯ ಬಸ್ಸು ಬಂತು. ಯಾರೂ ಕೈ ತೋರಿಸಲಿಲ್ಲ, ತಾನಾಗಿಯೇ ನಿಂತಿತು. ಕಂಡಕ್ಟರು ಹಿಂದಿನ ಬಾಗಿಲನ್ನು ತೆರೆದು ಹಿಡಿದು, ದೊಡ್ಡತಾಯಿಯನ್ನು ಕೇಳಿದ:

"ಎನ್ನಕ್ಕಾ, ಇನ್ನಿಕ್ಕಿ ಯಾರು?"

ಏನಕ್ಕಾ, ಇವತ್ತು ಯಾರು! ಮಾವಿನ ಬುಟ್ಟಿ ತರುವವಳನ್ನು ಇವತ್ತು ಯಾವ ಹಣ್ಣು ಎಂದು ಕೇಳುವ ಹಾಗೆ ಕೇಳಿದ. ಹಿಂದಿನ ಸೀಟಿನವರು ಯಾರೂ ಹೇಳದೆಯೇ ಎದ್ದು ಜಾಗ ಬಿಟ್ಟರು. ಈ ಸಾಲು, ಈ ಖಾಕಿ, ಈ ಓಟ, ಆ ಬಸ್ಸಿಗೆ ಹೊಸದಾಗಿರಲಿಲ್ಲ. ಗಂಡಸರು ಅರ್ಧ ವರ್ಷ ಕುರಿಯ ಹಿಂದೆ ಇರುವ ಊರಿನಲ್ಲಿ ದಳ ಎಂದರೆ ಇವರೇ ಎಂಬುದು ಸರ್ಕಾರವೊಂದನ್ನು ಬಿಟ್ಟು ಆ ರಸ್ತೆಗೆಲ್ಲ ಗೊತ್ತಿತ್ತು.

ಭಾವ ಅಲ್ಲಿಗಾದರೂ ಏಳಬಹುದಿತ್ತು. ಪರೀಕ್ಷೆ ಪೂರ್ತಿಯಾಗಬೇಕಲ್ಲ! ಬಸ್ಸಿನೊಳಗೆ ಹೋದರು, ಮಲಗಿಯೇ ಇದ್ದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಅವರ ಮುಖ ನೋಡಿ, ಮಕ್ಕಳು ಸಣ್ಣವಿರಬೇಕು ಎಂದು ಕಣ್ಣೀರು ಹಾಕಿದಳು. ರೋಗಿಗೆ ಟಿಕೆಟ್ ಬೇಡ, ಹೊರಡು ಎಂದು ಕಂಡಕ್ಟರು ಡ್ರೈವರಿಗೆ ಕೂಗಿದ. ಆಗ ಸ್ಟ್ರೆಚರಿನ ಮೇಲಿನ ರೋಗಿ ತಲೆಯೆತ್ತಿ, "ಟಿಕೆಟ್ ಇಲ್ಲದೆ ಕರ್ಕೊಂಡ್ ಓಗೋಕೆ ಯಾವ ಆದೇಶ ಐತೆ?" ಎಂದು ಕೇಳಿತು. ಬಸ್ಸಿನಲ್ಲಿ ಎದ್ದ ಕೂಗನ್ನು ನಾನು ವರ್ಣಿಸಲಾರೆ. ಅಜ್ಜಿ ಮಾತ್ರ, ಹೆಣ ಮಾತಾಡುವ ಬಸ್ಸಿನಲ್ಲಿ ಕೂರಲಾರೆ, ಇಳಿದುಹೋಗುತ್ತೇನೆಂದು ಹಟ ಹಿಡಿದಳು.

ಬಸ್ಸಿಳಿದು ಮತ್ತೆ ಊರಿಗೆ ನಡೆದು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಇನ್ನು ಉಳಿದದ್ದು ಒಂದೇ, ನಾನು ಬೆಳಗಿನಿಂದ ಹೆದರಿದ್ದು. ಭಾವ ಇಸ್ಕೂಲಿನ ಗೇಟಿನಲ್ಲಿ ನಿಂತರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಎಂದರು. ಹೆಂಗಸರು ಹೋದರು. ಪ್ರತಿಯೊಬ್ಬಳೂ ತನ್ನ ಅಂಗಿ ಯಾರದೆಂದು ಹೇಳಬೇಕಿತ್ತು. ಗಂಡನ ಹೆಸರು ಹೇಳುವ ಪದ್ಧತಿ ಇಲ್ಲದ ಕಾರಣ ಒಬ್ಬಳ ಗಂಡನ ಹೆಸರನ್ನು ಹಿಂದಿನವಳು ಹೇಳುತ್ತಾ ಬಂದಳು. ಕೊನೆಯವಳು ಒಂದು ಎಳೆಯ ಹೆಂಗಸು, ಮಾದಮ್ಮ. ಅವಳ ಹಿಂದೆ ಯಾರೂ ಇರಲಿಲ್ಲ. ಕೆಂಚಪ್ಪನೇ ಅವಸರದಲ್ಲಿ ಒಂದು ಹೆಸರು ಹೇಳಿ, ಅವಳಿಗೂ ಭಾವನಿಗೂ ನಡುವೆ ಬಂದು ನಿಂತ. ಭಾವ ಆ ಅಂಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಮುಖ ನೋಡಿದರು. ಅವಳು ಒಳಗೆ ಹೋದಳು.

"ಯಾರೂ ತಪ್ಪಿಲ್ಲ. ಬರ್ಕೋ" ಎಂದರು.

ಕೆಂಚಪ್ಪನ ಹೆಗಲು ಕೆಳಗಿಳಿಯಿತು. ನನಗೂ ಹಗುರಾಯಿತು. ಅವರ ತಾತನ ಕಣ್ಣಿಗೆ ಕೊನೆಗೂ ಪೊರೆ ಬಂತು, ದೇವರು ದೊಡ್ಡವನು ಎಂದುಕೊಂಡು ಪೆನ್ನು ತೆಗೆದೆ.

ಆಗ ಮಾದಮ್ಮ ಗೇಟಿನಿಂದ ತಿರುಗಿ ಬಂದಳು.

"ಒಬ್ರು ತಪ್ಪವ್ರೆ ಸಾಮಿ" ಎಂದಳು.

"ಏ, ಬಾಯ್ಮುಚ್ಚವ್ವ" ಎಂದ ಕೆಂಚಪ್ಪ. ದೊಡ್ಡತಾಯಿ ಅವಳ ತೋಳು ಹಿಡಿದು ಎಳೆದಳು. ಅವಳು ಅಲುಗಲಿಲ್ಲ.

"ದಳ ಉಳೀಬೇಕು, ನನ್ಗೂ ಗೊತ್ತು. ಅದ್ಕೇ ಇಷ್ಟ್ ದಿನ ಸುಮ್ಕಿದ್ದೆ. ಆದ್ರೆ ಸಾಮಿ, ಒಂದ್ ಕುರಿ ತಪ್ಪಿದ್ರೂ ಸಂಜೀಕೆ ಯಾರಾದ್ರೂ ಕೇಳ್ತಾರೆ. ನಮ್ಮನೇರು ತಪ್ಪಿ ವರ್ಸಾತು. ಎಲ್ಲಾ ಪಟ್ಟೀಲಿ ಅವ್ರು ಅವ್ರೆ. ಅವ್ರು ಇಲ್ಲ ಅಂತ ಒಬ್ರೂ ಬಾಯ್ಬಿಟ್ಟು ಅನ್ನಾಕಿಲ್ಲ. ನಾನು ಯಾರತ್ರ ಅಳ್ಲಿ?"

ಕೆಂಚಪ್ಪ ತನ್ನ ಕುಂಟುಕಾಲನ್ನೇ ನೋಡುತ್ತಿದ್ದ.

"ನೋಡಿದ್ದೆ ಕಣವ್ವ" ಎಂದರು ಭಾವ. ಅವರ ದನಿ ಆಡಿಟರ್ ದನಿಯಾಗಿರಲಿಲ್ಲ. "ಎಲ್ಲಾರ್ ಅಂಗೀಲೂ ಗಂಡಸ್ರ ಬೆವರಿನ ಕಲೆ ಐತೆ. ನಿನ್ನದ್ರಲ್ಲಿ ಪೆಟ್ಟಿಗೇಲಿ ಮಡ್ಸಿಟ್ಟ ಗೆರೆ. ಬೆಳಿಗ್ಗೇನೆ ನೋಡಿದ್ದೆ."

ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ, ದಿವಂಗತ ಎಂದು ಬರೆದರು. ಅದರ ಕೆಳಗೆ ಮಾದಮ್ಮನ ಹೆಸರು ಬರೆದು ಅವಳಿಂದ ಹೆಬ್ಬೆಟ್ಟು ಒತ್ತಿಸಿದರು. ಸೇರುವವರು ಗಂಡಸೇ ಆಗಿರಬೇಕು ಎಂದು ನಿಯಮದಲ್ಲಿ ಎಲ್ಲಿಯೂ ಇಲ್ಲ, ಇದ್ದರೆ ತೋರಿಸಲಿ ಎಂದು ಅವರು ಆಮೇಲೆ ಸೇಲಂನಲ್ಲಿ ಮೇಲಧಿಕಾರಿಯೊಡನೆ ಒಂದು ವಾರ ವಾದ ಮಾಡಿದರು. ಮೇಲಧಿಕಾರಿ ಪುಸ್ತಕವೆಲ್ಲ ತಿರುವಿ ಸೋತರು, ದಳ ಉಳಿಯಿತು. ಸ್ಟ್ರೆಚರೂ ಉಳಿಯಿತು. ಅದೆಲ್ಲ ಮುಂದಿನ ಮಾತು.

ಆ ಸಂಜೆ ನಾನು ಫೈಲು ಕಟ್ಟಿದೆ. ಗಾಡಿಯವನು ಎತ್ತು ಹೂಡಿದ. ಭಾವ ಏಳುವ ಬದಲು ಬಿಚ್ಚಿಟ್ಟಿದ್ದ ಸ್ಟ್ರೆಚರಿನ ತುದಿಯಲ್ಲಿ ಕೂತುಕೊಂಡು, ಎದುರಿನ ನೆಲವನ್ನು ಮಾದಮ್ಮನಿಗೆ ತೋರಿಸಿದರು.

"ಕೂತ್ಕೋ ತಾಯಿ. ಹೆಂಗಿದ್ದ ಅವನು?"

ಅವಳು ಕೂತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, ಅವರು ಎತ್ತರಕ್ಕೆ ಇದ್ದರು ಎಂದಳು. ತೋಳದ ಕೂಗನ್ನು ಕೂಗಿ ಮರಿಗಳನ್ನು ಹೆದರಿಸಿ ತಾವೇ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದರು ಎಂದಳು. ಉಪ್ಪು ಜಾಸ್ತಿಯಾದರೂ ಉಣ್ಣುತ್ತಿದ್ದರು ಎಂದಳು. ಹೇಳುತ್ತಾ ಹೇಳುತ್ತಾ ಒಮ್ಮೆ ನಕ್ಕಳು, ಆಮೇಲೆ ಖಾಕಿ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕೂತರು.

ದೂರದಲ್ಲಿ ಸೇಲಂಗೆ ಹೋಗುವ ನಮ್ಮ ಪ್ಯಾಸೆಂಜರ್ ರೈಲು ಕೂಗಿದ್ದು ಕೇಳಿಸಿತು. ನಾನು ಎದ್ದು ನಿಂತು ಭಾವನ ಭುಜ ಮುಟ್ಟಿದೆ. ಅವರು ನನ್ನ ಕಡೆ ತಿರುಗಲಿಲ್ಲ.

"ಆಮೇಲೆ?" ಎಂದರು ಮಾದಮ್ಮನಿಗೆ.